ತಂಬಿಗೆಯ ನೀರಿನಲ್ಲಿ ಬರುತ್ತಿದ್ದ ಜ್ವರ

ಸುಯ್, ಸುಯ್, ಸುಯ್. ಮೂರು ಸಲ ಗಾಳಿ ಸೀಳಿದ ಸದ್ದು, ಅಷ್ಟೇ. ಹೋದ ಬೇಸಿಗೆಯಲ್ಲಿ ಮೊಮ್ಮಗನಿಗೆಂದು ಥರ್ಮಾಮೀಟರ್ ಕೊಳ್ಳಲು ಗಂಗಾವತಿಯ ಒಂದು ಔಷಧಿ ಅಂಗಡಿಗೆ ಹೋಗಿದ್ದೆ. ಗಲ್ಲೆಯ ಮೇಲೆ ಕೂತಿದ್ದ ಹುಡುಗ ಬ್ಯಾಟರಿಯದೊಂದನ್ನೂ ಹಣೆಗೆ ಪಿಸ್ತೂಲಿನ ಹಾಗೆ ಹಿಡಿಯುವ ಇನ್ನೊಂದನ್ನೂ ನನ್ನ ಮುಂದಿಟ್ಟ. ಗಾಜಿನದು ಇಲ್ಲವೇ ಎಂದೆ. "ಈಗ ಅವು ಬರಂಗಿಲ್ರಿ ಮೇಡಂ, ಯಾರೂ ಕೇಳಂಗಿಲ್ಲ" ಎಂದ. ಒಳಗೆ ಪೇಪರ್ ಓದುತ್ತಿದ್ದ ಅವನಪ್ಪ ಎದ್ದು ಬಂದು, ಖಾನೆಯ ತಳ ಕೆದಕಿ, ಕರಿ ಡಬ್ಬಿಯೊಂದರಿಂದ ಗಾಜಿನ ಕಡ್ಡಿ ತೆಗೆದು ಮೂರು ಸಲ ಝಾಡಿಸಿದರು. ನಾನು ಅರವತ್ತು ದಾಟಿದ ನಿವೃತ್ತ ಶಾಲಾ ಮಾಸ್ತರಿಣಿ. ಮಂದಿಯ ಮುಂದೆ ಕಣ್ಣೀರು ಹಾಕುವವರ ಪೈಕಿ ಅಲ್ಲ. ಆದರೂ ಸೆರಗಿನಿಂದ ಮೂಗೊರೆಸಿಕೊಂಡು "ಭಾಳ ಧೂಳ್ರಿ" ಎಂದೆ. ಆ ಹಿರಿಯರು ಅದನ್ನು ಮಾರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಬ್ಯಾಟರಿಯದನ್ನೇ ಕೊಂಡು ಮನೆಗೆ ಬಂದೆ.

ಆ ಸದ್ದು ನಮ್ಮ ನೀಲತ್ತಿಯದು. ನೀಲಮ್ಮ ನನ್ನ ಅಪ್ಪನ ಅಕ್ಕ. ಕೈತುಂಬ ಬಳೆ ಇದ್ದವರು ಥರ್ಮಾಮೀಟರ್ ಝಾಡಿಸಿದರೆ ಮೊದಲು ಬಳೆಗಳೇ ಸದ್ದು ಮಾಡುತ್ತವೆ; ಅತ್ತಿಯದು ಬರಿಗೈ, ಆದ್ದರಿಂದ ಗಾಳಿಯ ಸದ್ದೊಂದೇ ಕೇಳುತ್ತಿತ್ತು. ಹುಲಿಹೈದರದ ನಮ್ಮ ಮನೆಗೆ ಮಣ್ಣಿನ ಮಾಳಿಗೆ, ಪಡಸಾಲೆಗೆ ಹಾಸುಗಲ್ಲು, ನಡುವೆ ನೆತ್ತಿಯ ಮೇಲೊಂದು ಬೆಳಕಿಂಡಿ. ಶೇಂಗಾದ ಚೀಲಗಳ ಮಣ್ಣುವಾಸನೆ, ಸಜ್ಜೆ ರೊಟ್ಟಿಯ ವಾಸನೆ, ಅಜ್ಜಿಯ ನಶ್ಯದ ವಾಸನೆ, ಮಳೆಗಾಲದಲ್ಲಿ ಗೋಡೆಯ ಬುಡದಿಂದ ಏಳುವ ಹಸಿವಾಸನೆ, ಇವೆಲ್ಲ ಬೆರೆತ ಆ ಮನೆಯಲ್ಲಿ ಅತ್ತಿಯ ಟ್ರಂಕು ತೆಗೆದಾಗ ಮಾತ್ರ ಮೂಗಿಗೆ ತಣ್ಣಗೆ ತಾಗುವ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥ ಒಂದು ಟ್ರಂಕು ಇದ್ದಿರಬೇಕು. ಅದನ್ನು ತೆಗೆದಾಗ ಮಕ್ಕಳೆಲ್ಲ ಸುತ್ತ ಕೂಡುತ್ತಿದ್ದಿರಬೇಕು. ಈಗ ಟ್ರಂಕೂ ಇಲ್ಲ, ಮನೆಯೂ ಇಲ್ಲ. ಕೂಡುತ್ತಿದ್ದ ಮಕ್ಕಳಲ್ಲಿ ಅರ್ಧ ಮಂದಿಯ ಫೋನ್ ನಂಬರು ಕೂಡ ನನ್ನಲ್ಲಿಲ್ಲ.

ಅತ್ತಿಯ ಗಂಡ ಸಿದ್ದಾಪುರದಲ್ಲಿ ಒಬ್ಬ ಡಾಕ್ಟರರ ಕೈಕೆಳಗೆ ಕಂಪೌಂಡರ್ ಆಗಿದ್ದರಂತೆ. ಮದುವೆಯಾದ ನಾಲ್ಕೇ ವರ್ಷಕ್ಕೆ ತೀರಿಕೊಂಡರು, ಮಕ್ಕಳಾಗಿರಲಿಲ್ಲ. ಅತ್ತಿ ತವರಿಗೆ ಹೊರಟಾಗ ಅವಳ ಮೈಮೇಲಿನ ಬಂಗಾರ ಗಂಡನ ಮನೆಯಲ್ಲೇ ಉಳಿಯಿತು. ಗಂಡನ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿದ್ದ ಗಾಜಿನ ಕಡ್ಡಿ ಮಾತ್ರ ಯಾರಿಗೂ ಬೇಡವಾಗಿತ್ತು, ಅದನ್ನು ಇವಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಳು. ಅದನ್ನು ಓದುವುದನ್ನು ಅವರೇ ಕಲಿಸಿದ್ದರು. ನಾಲ್ಕನೇ ಈಯತ್ತೆ ಓದಿದ ಅತ್ತಿಗೆ ಇಂಗ್ಲಿಷ್ ಅಕ್ಷರ ಒಂದೂ ಬರುತ್ತಿರಲಿಲ್ಲ, ಆದರೆ ಆ ಕಡ್ಡಿಯ ಮೇಲಿನ ಅಂಕಿಗಳು ಮತ್ತು ಎರಡು ಅಂಕಿಗಳ ನಡುವಿನ ನಾಲ್ಕು ಸಣ್ಣ ಗೆರೆಗಳು ಬಾಯಿಪಾಠ. ತೊಂಬತ್ತೆಂಟರ ಪಕ್ಕದಲ್ಲಿ ಕೆಂಪು ಬಾಣದ ಗುರುತು. ಬಾಣ ದಾಟದಿದ್ದರೆ ಮನುಷ್ಯ ನೆಟ್ಟಗಿದ್ದಾನೆ ಎಂದು ಅರ್ಥ.

ಅತ್ತಿ ಬೆಳಕಿಂಡಿಯ ಕೆಳಗೆ ನಿಂತು, ಕಡ್ಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಎರಡು ಬೆರಳಲ್ಲಿ ಮೆಲ್ಲಗೆ ಹೊರಳಿಸುತ್ತಿದ್ದಳು. ಮೊದಲು ಬರೀ ಗಾಜು. ಹೊರಳಿಸುತ್ತ ಹೋದಂತೆ ಒಂದು ಓರೆಯಲ್ಲಿ ಥಟ್ಟನೆ ಬೆಳ್ಳಿಗೆರೆಯೊಂದು ಅಗಲವಾಗಿ ಕಾಣಿಸಿಕೊಂಡು, ಕೂದಲೆಳೆಯಷ್ಟು ಸರಿದರೆ ಮತ್ತೆ ಮಾಯ. ನಾನು ಅದನ್ನು ಕಾಣಲು ಒಂದು ಇಡೀ ದೀಪಾವಳಿ ರಜೆ ತೆಗೆದುಕೊಂಡೆ. ಕಂಡ ದಿನ ಕುಣಿದಾಡಿ ಅಜ್ಜಿಯ ಕೈಯಲ್ಲಿ ಬೈಸಿಕೊಂಡೆ. ಬಗಲಿನಿಂದ ತೆಗೆದ ಮೇಲೂ ಗೆರೆ ಯಾಕೆ ಕೆಳಗಿಳಿಯುವುದಿಲ್ಲ ಎಂದು ಕೇಳಿದರೆ, ಅತ್ತಿ ಬೆಳ್ಳಿಯ ಗುಂಡಿನ ಮೇಲಿರುವ ಒಂದು ಇಕ್ಕಟ್ಟು ತೋರಿಸುತ್ತಿದ್ದಳು. ಕಾವಿಗೆ ಹಿಗ್ಗಿದ ಪಾದರಸ ಆ ಇಕ್ಕಟ್ಟನ್ನು ನುಗ್ಗಿ ದಾಟುತ್ತದೆ. ತಣ್ಣಗಾದಾಗ ಗುಂಡಿನೊಳಗಿನದು ಕುಗ್ಗುತ್ತದೆ, ಮೇಲೆ ಹೋದ ಗೆರೆ ಅಲ್ಲೇ ತುಂಡಾಗಿ ನಿಲ್ಲುತ್ತದೆ. "ಏರೂದು ಅದರ ಕೈಯಾಗ ಐತಿ, ಇಳಿಸೂದು ನಮ್ಮ ಕೈಯಾಗ ಐತಿ" ಎನ್ನುತ್ತಿದ್ದಳು. ಝಾಡಿಸುವವರೆಗೆ ಅದು ಕಂಡ ಜ್ವರವನ್ನು ಬಿಟ್ಟುಕೊಡುವುದಿಲ್ಲ. ನಮ್ಮ ಓಣಿಯ ರೀತಿ ಎಲ್ಲ ನಿಂತಿದ್ದು ಈ ಒಂದು ಗುಣದ ಮೇಲೆ.

ಯಾಕೆಂದರೆ ಅತ್ತಿ ಯಾರ ಮನೆಗೂ ಹೋಗುತ್ತಿರಲಿಲ್ಲ. ಗಂಡ ಸತ್ತವಳು ಬಾಣಂತಿ ಕೋಣೆಗೆ, ತೊಟ್ಟಿಲ ಹತ್ತಿರಕ್ಕೆ, ಮೈಲಿಬೇನೆ ಎದ್ದ ಮಕ್ಕಳ ಹತ್ತಿರಕ್ಕೆ ಕಾಲಿಡಬಾರದು ಎಂಬುದನ್ನು ಊರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆದ್ದರಿಂದ ಕಡ್ಡಿ ಹೋಗುತ್ತಿತ್ತು, ಅವಳು ಹೋಗುತ್ತಿರಲಿಲ್ಲ. ಜ್ವರ ಬಂದ ಮನೆಯವರು ಅದನ್ನು ಒಯ್ದು ರೋಗಿಯ ಬಗಲಲ್ಲಿಟ್ಟು, ಒಂದು ಎಲೆಯಡಿಕೆ ಬಾಯಲ್ಲಿ ಮೆತ್ತಗಾಗುವ ತನಕ ಕಾಯುತ್ತಿದ್ದರು. ಯಾರ ಮನೆಯಲ್ಲೂ ಗಡಿಯಾರ ಇರಲಿಲ್ಲ, ಎಲೆಯಡಿಕೆ ಎಲ್ಲರ ಮನೆಯಲ್ಲೂ ಇತ್ತು. ಆಮೇಲೆ ಝಾಡಿಸದೆ, ಹಾಗೇ ತಂದು ನಮ್ಮ ಹೊಸ್ತಿಲಲ್ಲಿ ಕೊಡಬೇಕು. ಅತ್ತಿ ಓದಿ, ಗಂಜಿ ಕೊಡಿ ಎನ್ನುವಳು, ಹಣೆಗೆ ಒದ್ದೆ ಬಟ್ಟೆ ಹಾಕಿ ಎನ್ನುವಳು, ಇಲ್ಲವೆ ಗಂಗಾವತಿ ಬಸ್ಸು ಹತ್ತಿಸಿ ಎನ್ನುವಳು. ಬಾಣಂತಿಗೆ ನೂರಾ ಮೂರು ದಾಟಿದರೆ ಮಾತ್ರ ಬೇರೆ ಮಾತೇ ಇಲ್ಲ, ಬಸ್ಸೇ. ಅದು ಅವಳ ಗಂಡ ಹೇಳಿಹೋಗಿದ್ದ ಮಾತು.

ಬೇಸಿಗೆಯಲ್ಲಿ ಒಂದು ತೊಡಕಿತ್ತು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಯಾವ ಜ್ವರಕ್ಕೂ ಸೋಲುವಂಥದ್ದಲ್ಲ. ನೂರಾ ಒಂದು ಇದ್ದ ಕಡ್ಡಿಯನ್ನು ಕೈಯಲ್ಲಿ ಹಿಡಿದು ಮಧ್ಯಾಹ್ನ ಓಣಿ ದಾಟಿದರೆ, ಮನೆ ಮುಟ್ಟುವಷ್ಟರಲ್ಲಿ ಪಾದರಸ ನೂರಾ ಏಳಕ್ಕೆ ಏರಿರುತ್ತಿತ್ತು. ಅದಕ್ಕೆ ಅತ್ತಿಯೇ ಒಂದು ಉಪಾಯ ಹುಡುಕಿದ್ದಳು. ತಂಬಿಗೆ ತುಂಬ ಗಡಿಗೆಯ ತಣ್ಣೀರು, ಅದರಲ್ಲಿ ಕಡ್ಡಿ, ಮೇಲೊಂದು ಮುತ್ತಲ ಎಲೆ. ತಣ್ಣೀರು ಬಿಸಿಲನ್ನು ತಡೆಯುತ್ತದೆ, ಏರಿದ ಗೆರೆಯನ್ನು ಇಳಿಸುವುದಿಲ್ಲ. ಹೀಗೆ ನಮ್ಮ ಓಣಿಯಲ್ಲಿ ಬೇಸಿಗೆಯ ಜ್ವರವೆಲ್ಲ ತಂಬಿಗೆಯ ನೀರಿನಲ್ಲಿ ಬರುತ್ತಿತ್ತು. ಆ ನೀರಿಗೂ ಮಂದಿ ಒಂದು ಕಟ್ಟಳೆ ಮಾಡಿಕೊಂಡರು. ಜ್ವರ ಮುಳುಗಿದ ನೀರು, ಯಾರೂ ತುಳಿಯಬಾರದು, ತಿಪ್ಪೆಯ ಹಿಂದೆ ಚೆಲ್ಲಬೇಕು. ಅತ್ತಿ ನಗುತ್ತಿದ್ದಳು. ಅಜ್ಜಿ ನಗುತ್ತಿರಲಿಲ್ಲ. ಒಮ್ಮೆ ಆ ನೀರಿನಲ್ಲಿ ಕೈ ಅದ್ದಿದ್ದಕ್ಕೆ ಅಜ್ಜಿ ನನಗೆ ಕಸಬರಿಗೆಯಿಂದ ಕೊಟ್ಟ ಪೆಟ್ಟು ಇನ್ನೂ ನೆನಪಿದೆ.

ಓಣಿಯ ಆ ತುದಿಯಲ್ಲಿ ಗೌರವ್ವನ ಮನೆ. ಅವಳ ಮಗಳು ಕಸ್ತೂರಿಯನ್ನು ಯಲಬುರ್ಗಾ ಕಡೆಯ ಮಂಗಳೂರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನನಗಾಗ ಹತ್ತು ವರ್ಷ, ಅವಳಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಮದುವೆಗೆ ಮುಂಚೆ ನನ್ನ ಹೇನು ತೆಗೆದು, ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದವಳು ಅವಳೇ. ಕಣ್ಣು ಮೇಲಕ್ಕೆ ಎಳೆದಂತಾಗಿ ನಾನು ಅಳುವಂತಾದರೆ "ಚೆಂದ ಕಾಣಬೇಕಂದ್ರ ಸ್ವಲ್ಪ ಸೈರಣಿ ಬೇಕವಾ ಗಿರಿಜಿ" ಎಂದು ಕೆನ್ನೆ ಚಿವುಟುತ್ತಿದ್ದಳು. ನಕ್ಕರೆ ಅವಳ ಭುಜವೂ ನಗುತ್ತಿತ್ತು. ಆ ಮನೆಗೂ ನಮ್ಮ ಮನೆಗೂ ಅಕ್ಕರೆ ಎಷ್ಟಿತ್ತೆಂದರೆ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೌರವ್ವ ತಾನೇ ನಮ್ಮ ಕಟ್ಟೆಗೆ ಬಂದು, ಅತ್ತಿಯ ಕೈ ಹಿಡಿದು, "ಬ್ಯಾಸರ ಮಾಡ್ಕೋಬ್ಯಾಡ ನೀಲವ್ವ, ಇವತ್ತೊಂದು ದಿನ ಈ ಕಡಿ ಬರಬ್ಯಾಡ" ಎಂದು ಹೇಳಿ, ಒಂದು ತಟ್ಟೆ ತುಂಬ ಗುಗ್ಗರಿ ಕೊಟ್ಟು ಹೋದಳು. ಅತ್ತಿ ತಲೆಯಾಡಿಸಿದಳು. ಆ ಗುಗ್ಗರಿಯನ್ನು ನಾವು ಮಕ್ಕಳೇ ತಿಂದು ಮುಗಿಸಿದೆವು.

ತೊಟ್ಟಿಲು ಮುಗಿದ ನಾಲ್ಕನೇ ದಿನ ಕಸ್ತೂರಕ್ಕನಿಗೆ ಮೈ ಬಿಸಿ ಎಂದು ಸುದ್ದಿ ಬಂತು. ಅಂದು ಅಪ್ಪ ಕನಕಗಿರಿ ಸಂತೆಗೆ ಹೋಗಿದ್ದ, ಅವ್ವ ತವರಿನ ಲಗ್ನಕ್ಕೆ. ಮನೆಯಲ್ಲಿದ್ದವರು ನಾನು, ಅತ್ತಿ, ಮತ್ತು ಒಳಕೋಣೆಯಲ್ಲಿ ಮಲಗಿದ ಅಜ್ಜಿ. ಗೌರವ್ವ ಬಾಣಂತಿಯನ್ನು ಬಿಟ್ಟು ಬರುವಂತಿರಲಿಲ್ಲ. ಕಡ್ಡಿ ನಾನೇ ಒಯ್ದೆ. ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು, ಅಗ್ಗಿಷ್ಟಿಗೆಯಲ್ಲಿ ಅಜವಾನದ ಹೊಗೆ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಕೂಸಿನ ಹಾಲುವಾಸನೆ. ಅವುಗಳ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಕೆಟ್ಟದ್ದು, ಅದಕ್ಕೆ ನನಗೆ ಹೆಸರು ಗೊತ್ತಿರಲಿಲ್ಲ. ಕಸ್ತೂರಕ್ಕ ಕಂಬಳಿ ಹೊದ್ದು ನಡುಗುತ್ತಿದ್ದಳು. ನನ್ನನ್ನು ನೋಡಿ "ಬಂತು ನೋಡವ್ವ ಜ್ವರದ ಟಪಾಲು" ಎಂದು ನಕ್ಕಳು. ಭುಜ ನಗಲಿಲ್ಲ. ಗೌರವ್ವ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಅದು ಮೆತ್ತಗಾದ ಮೇಲೆ ಕಡ್ಡಿ ತೆಗೆದು ತಂಬಿಗೆಯ ನೀರಿಗೆ ಬಿಟ್ಟು, ಎಲೆ ಮುಚ್ಚಿ ನನ್ನ ಕೈಗೆ ಕೊಟ್ಟಳು. "ಲಗೂನ ಹೋಗು, ಅತ್ತಿ ಏನಂದಳು ಅಂತ ಬಂದು ಹೇಳು."

ಹೊರಗೆ ಓಣಿ ಹಂಚಿನಂತೆ ಕಾದಿತ್ತು. ಚಪ್ಪಲಿ ಇದ್ದದ್ದು ಶಾಲೆಗೆ ಮಾತ್ರ. ಗೋಡೆಯ ನೆರಳು ಹಿಡಿದು, ಎಗರುತ್ತ, ತುದಿಗಾಲಲ್ಲಿ ಓಡುತ್ತ ನಮ್ಮ ಮನೆಗೆ ನೂರು ಹೆಜ್ಜೆ ಈಚೆಗಿನ ಬೇವಿನ ಗಿಡದ ತನಕ ಬಂದೆ. ಅಂಗಾಲು ಸುಟ್ಟು ಕಣ್ಣಲ್ಲಿ ನೀರು ಬಂದಿತ್ತು. ಗಿಡದ ನೆರಳಿನಲ್ಲಿ ನಿಂತು ತಂಬಿಗೆಯ ಎಲೆ ತೆಗೆದೆ. ಕಡ್ಡಿಯನ್ನು ಕೈಗೆ ತೆಗೆದುಕೊಂಡು ಹೊರಳಿಸಿದೆ, ಗೆರೆ ಕಂಡಿತು. ನೂರಾ ನಾಲ್ಕು ದಾಟಿ ಇನ್ನೆರಡು ಗೆರೆ. ನಾನು ಕಂಡೆ, ಸ್ಪಷ್ಟವಾಗಿ ಕಂಡೆ. ಇದನ್ನು ಬರೆಯುವಾಗಲೂ ಕಾಣುತ್ತಿದೆ. ಆಮೇಲೆ ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು, ತಂಬಿಗೆಯ ನೀರನ್ನೆಲ್ಲ ನನ್ನ ಕಾಲ ಮೇಲೆ ಸುರಿದುಕೊಂಡೆ. ಎಂಥ ಸುಖ ಅನಿಸಿತು ಅದು! ಆ ಸುಖವನ್ನು ನಾನು ಜನ್ಮದಲ್ಲಿ ಮರೆತಿಲ್ಲ, ಮರೆಯುವ ಯೋಗ್ಯತೆಯೂ ನನಗಿಲ್ಲ. ಖಾಲಿ ತಂಬಿಗೆಗೆ ಕಡ್ಡಿ ಹಾಕಿ, ಬಿಸಿಲಿನಲ್ಲಿ ಆ ನೂರು ಹೆಜ್ಜೆ ಓಡಿದೆ. ಹಿತ್ತಾಳೆಯ ತಂಬಿಗೆ ಕಾಯಲು ನೂರು ಹೆಜ್ಜೆ ಬೇಕಾದಷ್ಟಾಯಿತು.

ಅತ್ತಿ ಬೆಳಕಿಂಡಿಯ ಕೆಳಗೆ ನಿಂತು ನೋಡಿದಳು. "ನೂರಾ ಏಳು!" ಎಂದು ಹುಬ್ಬು ಗಂಟಿಕ್ಕಿದಳು. ತಂಬಿಗೆಯೊಳಗೆ ಇಣುಕಿದಳು. "ನೀರೆಲ್ಲಿ ಹೋತು ಗಿರಿಜಿ?"

ಒಳಗೆ ಅಜ್ಜಿ ಕೆಮ್ಮಿದಳು. ಆ ನೀರನ್ನು ತುಳಿದದ್ದಷ್ಟೇ ಅಲ್ಲ, ಕಾಲ ಮೇಲೆ ಸುರಿದುಕೊಂಡೆ ಎಂದು ಹೇಳಿದರೆ ಕಸಬರಿಗೆ ಗ್ಯಾರಂಟಿ. "ಗೌರವ್ವಾಯಿ ಮನಿ ಮುಂದನ ಚೆಲ್ಲಿತತ್ತಿ, ಆಡು ಹಾಯ್ತು" ಎಂದೆ.

"ಅಲ್ಲಿಂದ ಇಲ್ಲೀತನ ಹಂಗ ಬಿಸಲಾಗ ತಂದೇನು? ಎಷ್ಟಿತ್ತು ಅಂತ ನೀ ಏನರ ನೋಡಿದ್ದೇನು?"

ನೋಡಿದೆ ಎಂದರೆ, ದಾರಿಯಲ್ಲಿ ನೀರಿನಿಂದ ತೆಗೆದದ್ದು ಗೊತ್ತಾಗಿ ಸುಳ್ಳು ಹೊರಬೀಳುತ್ತದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲು. "ಇಲ್ಲತ್ತಿ" ಎಂದೆ.

ಅತ್ತಿ ನಿಟ್ಟುಸಿರಿಟ್ಟಳು. "ಇದು ಬಿಸಲಿನ ಜ್ವರ, ಮನುಷ್ಯಾರದಲ್ಲ" ಎಂದು ಮೂರು ಸಲ ಝಾಡಿಸಿದಳು. ಮತ್ತೆ ಈಗಲೇ ಹೋಗಲೇ ಎಂದು ಕೇಳಿದೆ. ನನ್ನ ಅಂಗಾಲಿನ ಬೊಬ್ಬೆ ನೋಡಿ "ಬ್ಯಾಡವಾ, ಕಾಲು ಸುಟ್ಟಾವ. ಹೊತ್ತು ಇಳಿದ ಮ್ಯಾಲ ಹೋಗೀಯಂತ, ಅಲ್ಲೀತನ ಮಲಕೋ" ಎಂದು ಕೊಬ್ಬರಿ ಎಣ್ಣೆ ಹಚ್ಚಿದಳು. ನಾನು ಹಾಸುಗಲ್ಲಿನ ತಂಪಿನ ಮೇಲೆ ಮಲಗಿದೆ. ಊರಿಗೆ ಬರುತ್ತಿದ್ದದ್ದು ಎರಡೇ ಬಸ್ಸು, ಮುಂಜಾನೆ ಒಂದು, ಮಧ್ಯಾಹ್ನ ಮೂರಕ್ಕೊಂದು. ಮೂರರ ಬಸ್ಸಿನ ಹಾರ್ನು ನಿದ್ದೆಗಣ್ಣಿನಲ್ಲಿ ಕೇಳಿಸಿತು; ಕೇಳಿಸಿದರೂ ಮಗ್ಗಲು ಬದಲಿಸಿ ಮತ್ತೆ ಮಲಗಿದೆ.

ಸಂಜೆ ಕಡ್ಡಿ ಒಯ್ದಾಗ ಕಸ್ತೂರಕ್ಕ ನನ್ನನ್ನು ಗುರುತಿಸಲಿಲ್ಲ. ನೂರಾ ಐದು ತೋರಿಸಿತು. ಬಿಸಿಲು ಇಳಿದಿತ್ತು, ತಂಬಿಗೆಯಲ್ಲಿ ನೀರಿತ್ತು, ಯಾವ ಅನುಮಾನಕ್ಕೂ ಎಡೆ ಇರಲಿಲ್ಲ. ಊರಿನ ಒಂದೇ ಟ್ರ್ಯಾಕ್ಟರು ಸಿದ್ದಾಪುರಕ್ಕೆ ಹುಲ್ಲು ತರಲು ಹೋಗಿತ್ತು. ಮರುದಿನ ಮುಂಜಾನೆಯ ಬಸ್ಸಿನಲ್ಲಿ ಅವಳನ್ನು ನಾಲ್ಕು ಮಂದಿ ಹೊತ್ತು ಕೂರಿಸಿದರು. ಗಂಗಾವತಿಯ ದವಾಖಾನೆಯಲ್ಲಿ ಮೂರು ದಿನ ಇದ್ದಳು. ನಂಜು ಮೈಗೆಲ್ಲ ಏರಿದೆ, ಒಂದು ದಿನ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಅಲ್ಲಿ ಹೇಳಿದರಂತೆ. ಎಷ್ಟೋ ವರ್ಷದ ಮೇಲೆ ನನ್ನ ಜೊತೆಯ ಮಾಸ್ತರರ ಮಗ, ಡಾಕ್ಟರಿಕೆ ಓದಿದವನು, ಯಾರದೋ ಕಥೆ ಎಂಬಂತೆ ನಾನು ಕೇಳಿದಾಗ, "ಆಗಿನ ಕಾಲಕ್ಕೆ ಒಂದು ದಿನ ಮೊದಲು ಒಯ್ದಿದ್ರೂ ಉಳಿಯೂದು ಕಷ್ಟಿತ್ರಿ" ಎಂದ. ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಬಹಳ ದಿನ ಚಪ್ಪರಿಸಿದೆ. ರುಚಿ ಹತ್ತಲಿಲ್ಲ.

ಕಸ್ತೂರಕ್ಕನನ್ನು ಮಂಗಳೂರಿನಲ್ಲಿ ಮಣ್ಣು ಮಾಡಿದರು. ಕೂಸು ಗೌರವ್ವನ ಹತ್ತಿರ ನಮ್ಮೂರಿನಲ್ಲೇ ಉಳಿಯಿತು, ಸಾವಿತ್ರಿ ಎಂದು ಹೆಸರು. ಓಣಿಯಲ್ಲಿ ಒಂದೇ ಮಾತು: ನೀಲವ್ವ ಬಿಸಲಿನ ಜ್ವರ ಅಂದಳು, ಝಾಡಿಸಿಬಿಟ್ಟಳು. ಗೌರವ್ವ ನಮ್ಮ ಕಟ್ಟೆಯ ಮುಂದೆ ನಿಂತು ಎದೆ ಬಡಿದುಕೊಂಡು ಅತ್ತಾಗ ಅತ್ತಿ ಹೊಸ್ತಿಲಿನೊಳಗೆ ನಿಂತು, "ಹೌದವ್ವ, ನಂದ ತಪ್ಪು" ಎಂದಳು. ನಾನು ಅವಳ ಸೀರೆಯ ಹಿಂದೆ ಅಡಗಿದ್ದೆ. ಆಗ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದಿದ್ದರೆ ನನ್ನ ಬದುಕು ಬೇರೆಯೇ ಆಗುತ್ತಿತ್ತು. ಮಾತು ಗಂಟಲಿನವರೆಗೆ ಬಂತು; ಅಲ್ಲಿಂದ ಹೊರಗೆ ಬರಲು ನಲವತ್ತೈದು ವರ್ಷ ಹಿಡಿಯಿತು.

ಆಮೇಲೆ ಯಾರೂ ತಂಬಿಗೆ ಹಿಡಿದು ನಮ್ಮ ಬಾಗಿಲಿಗೆ ಬರಲಿಲ್ಲ. ಅತ್ತಿ ಒಂದು ಆಡು ಸಾಕಿದಳು. ದಿನವೂ ಮುಂಜಾನೆ ಹಾಲು ಹಿಂಡಿ ನನ್ನ ಕೈಯಲ್ಲಿ ಸಾವಿತ್ರಿಗೆ ಕಳಿಸುತ್ತಿದ್ದಳು. ಮೊದಮೊದಲು ಗೌರವ್ವ ಹಾಲನ್ನು ಬಾಗಿಲಲ್ಲೇ ಚೆಲ್ಲುತ್ತಿದ್ದಳು. ಕೂಸಿನ ಹಸಿವು ಸಿಟ್ಟಿಗಿಂತ ದೊಡ್ಡದು; ತಿಂಗಳೊಪ್ಪತ್ತಿನಲ್ಲಿ ತಗೊಳ್ಳತೊಡಗಿದಳು. ನಮ್ಮ ಮನೆಯೂ ಮೊದಲಿನಂತೆ ಉಳಿಯಲಿಲ್ಲ. ಅಜ್ಜಿ ಹೋದಳು. ಅಪ್ಪ ಮತ್ತು ಕಾಕಾ ಪಾಲಾದರು, ಪಡಸಾಲೆಯ ನಡುವೆ ಗೋಡೆ ಎದ್ದಿತು, ಬೆಳಕಿಂಡಿ ಕಾಕಾನ ಕಡೆಗೆ ಹೋಯಿತು. ಟ್ರಂಕು ಸಾಗಿಸುವ ಗದ್ದಲದಲ್ಲಿ ಡಬ್ಬಿ ಬಿದ್ದು ಕಡ್ಡಿ ಒಡೆಯಿತು. ಪಾದರಸ ಸಾಸಿವೆಕಾಳಿನಷ್ಟು ಸಣ್ಣ ಗುಂಡುಗಳಾಗಿ ಹಾಸುಗಲ್ಲಿನ ಮೇಲೆ ಉರುಳಿತು, ಮುಟ್ಟಿದರೆ ಎರಡಾಗಿ, ಹತ್ತಿರ ತಂದರೆ ಒಂದಾಗಿ. ತಮ್ಮಂದಿರು ಬೆನ್ನಟ್ಟಿದರು. "ಮುಟ್ಟಬ್ಯಾಡ್ರಿ, ವಿಷ ಐತಿ!" ಎಂದು ಅತ್ತಿ ಅವರನ್ನು ದೂಡಿ, ರಟ್ಟಿನ ತುಂಡಿನಿಂದ ಒಂದೊಂದೇ ಗುಂಡನ್ನು ಕೂಡಿಸುತ್ತ ಸಂಜೆಯ ತನಕ ನೆಲದ ಮೇಲೆ ಕೂತಿದ್ದಳು. ಅರ್ಧ ಕಲ್ಲಿನ ಸಂದಿಗೆ ಇಳಿದುಹೋಗಿತ್ತು. ಮುಂದೆ ರಸ್ತೆ ಅಗಲವಾಗುವಾಗ ಆ ಪಡಸಾಲೆಯೂ ಹೋಯಿತು. ಈಗ ಅಲ್ಲಿ ಡಾಂಬರಿನ ಮೇಲೆ ಗಂಟೆಗೊಂದು ಬಸ್ಸು ಓಡಾಡುತ್ತದೆ.

ಅತ್ತಿ ಕಡೆಯ ವರ್ಷಗಳನ್ನು ಗಂಗಾವತಿಯಲ್ಲಿ ನನ್ನ ಜೊತೆ ಕಳೆದಳು. ಮೈ ಹಗುರಾಗಿ ಹಕ್ಕಿಯಂತಾಗಿದ್ದಳು, ನೆನಪು ಮಾತ್ರ ಮೊನಚು. ಆರು ವರ್ಷದ ಹಿಂದೆ, ಒಂದು ಇಳಿಹೊತ್ತು, ಅವಳಿಗೆ ಜ್ವರವಿತ್ತು. ಬ್ಯಾಟರಿಯ ಕಡ್ಡಿ ಬಗಲಲ್ಲಿಟ್ಟೆ, ಅದು ಕೂಗಿತು, ತೆಗೆದೆ.

"ಇದನ್ನ ಝಾಡಸೂದು ಬ್ಯಾಡೇನು?" ಎಂದಳು.

"ಬ್ಯಾಡತ್ತಿ, ತಾನ ಇಳೀತೈತಿ."

"ಛಲೋ ಆತು ಬಿಡು."

ಆ "ಛಲೋ ಆತು" ನನ್ನನ್ನು ಮುರಿಯಿತು. ಅವಳ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಆಡು ಹಾಯಲಿಲ್ಲ, ನೀರು ಸುರಿದುಕೊಂಡೆ, ನೂರಾ ನಾಲ್ಕು ದಾಟಿದ್ದನ್ನು ಕಣ್ಣಾರೆ ಕಂಡಿದ್ದೆ. ಹೇಳುವಾಗ ಹತ್ತು ವರ್ಷದ ಹುಡುಗಿಯಂತೆ ಬಿಕ್ಕುತ್ತಿದ್ದೆ. ಅತ್ತಿ ಸೂರು ನೋಡುತ್ತ ಕೇಳಿದಳು.

"ಗೊತ್ತೈತಿ" ಎಂದಳು.

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಅವಳ ಮುಖ ನೋಡಿದೆ.

"ಝಾಡಿಸಿ ಇಟ್ಟ ಮ್ಯಾಲ ಕೆಳಗ ನೋಡಿದೆ. ಹಾಸಗಲ್ಲಿನ ಮ್ಯಾಲ ನಿನ್ನ ಹೆಜ್ಜಿ ಮೂಡಿದ್ದುವು, ಹಸಿ ಮಣ್ಣಿನವು. ಗೌರವ್ವನ ಮನಿ ಮುಂದ ಚೆಲ್ಲಿದ ನೀರು ಆ ಬಿಸಲಾಗ ಅಷ್ಟು ದೂರ ಹಸೀನ ಬರತೈತೇನು?"

"ಮತ್ತ ಯಾಕ ಸುಮ್ಮನಾದಿ ಅತ್ತಿ?"

"ಸುಮ್ಮನಾಗಲಿಲ್ಲವಾ. ನೀ ಮಲಗಿದ ಮ್ಯಾಲ ನಾನ ಎದ್ದು ಹೋದೆ. ಬೇವಿನ ಗಿಡದ ತನ ಹೋದೆ. ನೆಲ ಒಂದು ಕೈಯಗಲ ಇನ್ನಾ ಹಸಿ ಇತ್ತು. ಅಷ್ಟು ಸಣ್ಣ ದಾರ್ಯಾಗ ಬಿಸಲೊಂದ ಅಷ್ಟು ಏರಸಂಗಿಲ್ಲ, ಜ್ವರ ಖರೇನ ಇರಬೇಕು ಅಂತ ಅಲ್ಲೇ ತಿಳೀತು. ಬಸ್ಸಿಗೆ ಇನ್ನಾ ಹೊತ್ತಿತ್ತು." ಹೊದಿಕೆಯನ್ನು ಎದೆಗೆ ಎಳೆದುಕೊಂಡಳು. "ಅಲ್ಲೇ ನಿಂತೆ. ನಾ ಹೋಗಿ ಬಾಣಂತಿ ಬಾಗಲದಾಗ ನಿಂತರ ಗೌರವ್ವ ಏನಂತಾಳ, ನನ್ನ ಕಾಲಗುಣಕ್ಕ ಕೂಸಿಗೇನರ ಆದರ ಏನು ಮಾಡ್ಲಿ ಅಂತ ನಿಂತೆ. ಮುಂದ ಕಾಲು ಏಳಲಿಲ್ಲ. ಹೊಳ್ಳಿ ಬಂದೆ."

ನಾನು ಅವಳ ಪಾದ ಹಿಡಿದುಕೊಂಡೆ. ಅವಳು ಕೈ ಚಾಚಿ ನನ್ನ ತಲೆಯ ಮೇಲಿಟ್ಟಳು. "ನೀ ಸುಳ್ಳು ಹೇಳಿದಾಗ ನಿನಗ ಹತ್ತು ವರ್ಷವಾ. ನನಗ ಮೂವತ್ತಾಗಿತ್ತು" ಎಂದಳು.

ಅದಾದ ಹದಿನೈದು ದಿನಕ್ಕೆ ಅತ್ತಿ ಹೋದಳು. ಸಾವಿತ್ರಿ ಈಗ ಕುಷ್ಟಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಅವಳ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಸುದ್ದಿ ಕೇಳಿ ಮೊದಲ ಬಸ್ಸಿಗೆ ಬಂದು ನಮ್ಮೆಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ. "ಅತ್ತಿ ಹಾಲು ಕಳಸದಿದ್ರ ನಾ ಎಲ್ಲಿ ಉಳೀತಿದ್ದೆ" ಎಂದು ಬಂದವರಿಗೆಲ್ಲ ಹೇಳಿದಳು. ನಾನು ಗೋಡೆಗೆ ಒರಗಿ ಕೂತು ಕೇಳಿದೆ. ಅತ್ತಿಗೆ ಹೇಳಿ ಹಗುರಾದೆ ಎಂದುಕೊಂಡಿದ್ದೆ. ಹೇಳಬೇಕಾದವಳು ಬೇರೆಯೇ ಇದ್ದಾಳೆ ಎಂದು ಅಂದು ತಿಳಿಯಿತು.

ಸಾವಿತ್ರಿ ವರ್ಷಕ್ಕೆರಡು ಸಲ ನನ್ನ ಮನೆಗೆ ಬರುತ್ತಾಳೆ. ತಾಯಿಯ ಒಂದು ಫೋಟೋ ಕೂಡ ಅವಳಲ್ಲಿಲ್ಲ. ಊರಿನಲ್ಲಿ ತಾಯಿಯನ್ನು ಹತ್ತಿರದಿಂದ ಕಂಡವರಲ್ಲಿ ಉಳಿದವಳು ನಾನೊಬ್ಬಳೇ ಎಂದು, ಊಟವಾದ ಮೇಲೆ ಎಲೆಯಡಿಕೆ ಮಡಚುತ್ತ ಅದನ್ನೇ ಕೇಳುತ್ತಾಳೆ. ನಾನೂ ಹೇಳುತ್ತೇನೆ. ಕಣ್ಣು ಮೇಲಕ್ಕೆಳೆಯುವಂತೆ ಜಡೆ ಹಾಕುತ್ತಿದ್ದದ್ದು, ನಕ್ಕರೆ ಭುಜ ಕುಣಿಯುತ್ತಿದ್ದದ್ದು, ನಡುಗುತ್ತಲೇ ಕೂಸಿನ ತಲೆಯ ಕುಲಾಯಿ ಸರಿಮಾಡಿದ್ದು, ನನ್ನನ್ನು ಜ್ವರದ ಟಪಾಲು ಎಂದದ್ದು, ಗೌರವ್ವ ತಂಬಿಗೆಗೆ ಎಲೆ ಮುಚ್ಚಿ ನನ್ನ ಕೈಗೆ ಕೊಟ್ಟಿದ್ದು. ಅವಳು ಪ್ರತಿ ಸಲವೂ ಮೊದಲ ಸಲ ಕೇಳುವಂತೆ ಮುಂದಕ್ಕೆ ಬಾಗಿ ಕೂರುತ್ತಾಳೆ. ಹೋದ ತಿಂಗಳೂ ಬಂದಿದ್ದಳು.

"ಮುಂದ ಏನಾತಕ್ಕ?"

"ಮುಂದೇನಿಲ್ಲವಾ" ಎಂದೆ. "ನಾ ಮನಿಗಿ ಬಂದೆ."